ಹತ್ತನೇ ನಿಮಿಷಕ್ಕೇ ಸಿಕ್ಕಿಬಿದ್ದ ದೆವ್ವ

ನಲವತ್ತು ವರ್ಷಗಳಿಂದ ಡಬ್ಬಿಯಲ್ಲಿ ಕೊಳೆಯುತ್ತಿದ್ದ ಒಂದು ಸಿನಿಮಾವನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಘೋಷಿಸಿದೆ. ನಾನೇನು ಸಾಮಾನ್ಯನೇ? ಫೋಟೋ ಸ್ಟುಡಿಯೋದ ಒಡೆಯ! ಮಾಸಿದ ಮುಖಗಳನ್ನು ಬೆಳಗಿಸಿಯೇ ಇಪ್ಪತ್ತು ವರ್ಷ ಹೊಟ್ಟೆ ಹೊರೆದವನು.

ಸಿನಿಮಾ ನಮ್ಮ ಮಾವನವರದು. ಜೀವಮಾನದಲ್ಲಿ ಅವರು ನಿರ್ದೇಶಿಸಿದ್ದು ಅದೊಂದೇ. ಹಾಳುಬಂಗಲೆ, ಅಲ್ಲೊಬ್ಬ ಡಾಕ್ಟರು, ಅವನ ಹೆಂಡತಿ, ಒಂದು ಕೊಲೆ, ಕಿಟಕಿಯಲ್ಲಿ ಸುಳಿಯುವ ಹೆಣ್ಣು ದೆವ್ವ. ಆ ದೆವ್ವದ ವೇಷದಲ್ಲಿರುವುದು ಯಾರೆಂಬುದು ಕೊನೆಯ ನಿಮಿಷದವರೆಗೂ ರಹಸ್ಯ. ಅಂದಿನ ಜನ ಬೈಯಲೂ ಇಲ್ಲ, ಹೊಗಳಲೂ ಇಲ್ಲ. "ಪರವಾಗಿಲ್ಲ" ಎಂದು ಎದ್ದುಹೋದರು. ಬೈದಿದ್ದರೆ ಮಾವನವರು ತಡೆದುಕೊಳ್ಳುತ್ತಿದ್ದರು. ದೆವ್ವದ ಪಾತ್ರ ಮಾಡಿದ್ದ ಅತ್ತೆಯವರು ತೀರಿಕೊಂಡು ಎರಡು ವರ್ಷ. ಈಗ ಮಾವನವರಿಗೆ ಉಳಿದಿದ್ದು ಒಂದೇ ಆಸೆ: ನಾಲ್ಕು ಜನ ಒಂದೇ ಒಂದು ಸಲ ಹೆದರಬೇಕು.

"ಇದ್ದ ಹಾಗೇ ಹಾಕ್ರೀ, ಕೈಯಾಡಿಸಬೇಡಿ" ಎಂದಳು ಹೆಂಡತಿ.

"ತುಂಬಾ ಕಪ್ಪಾಗಿದೆ ಕಣೇ! ಒಬ್ಬರ ಮುಖಾನೂ ಕಾಣ್ಸಲ್ಲ."

"ದೆವ್ವದ ಸಿನಿಮಾ ಅಲ್ವೇನ್ರೀ ಅದು?"

"ಕಸುಬು ನಂದೋ ನಿಂದೋ?"

ರೀಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಒಂದು ವಾರ ಅದರ ಮುಂದೆ ಕೂತು ದೃಶ್ಯ ದೃಶ್ಯಕ್ಕೂ ಬೆಳಕು ಸುರಿದೆ.

ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಹನ್ನೆರಡು ಕುರ್ಚಿ ಹಾಕಿದೆವು. ಮಾವನವರು ಇಸ್ತ್ರಿ ಅಂಗಿ ತೊಟ್ಟು, ಟೀವಿಗೆ ಬೆನ್ನು ಹಾಕಿ ಕೂತರು. ಅವರಿಗೆ ನೋಡಬೇಕಾಗಿದ್ದದ್ದು ಹೆದರಿದ ಮುಖಗಳನ್ನು.

ಹತ್ತನೇ ನಿಮಿಷ. ಕಿಟಕಿಯಲ್ಲಿ ದೆವ್ವ ಸುಳಿಯಿತು. ಸುಳಿಯುವುದೇನು ಬಂತು, ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ನಿಂತ ಹಾಗೆ ನಿಂತಿತು!

"ಅರೇ, ಆ ಡಾಕ್ಟರ್ ಹೆಂಡ್ತೀನೇ! ಈಗ ತಾನೇ ಬಾಗಿಲು ತೆಗೆದ್ಲಲ್ಲ!" ಎಂದರು ಪಕ್ಕದ ಮನೆಯ ಟೈಲರ್.

"ಕಾಲಲ್ಲಿ ಚಪ್ಪಲಿ ಬೇರೆ!" ಎಂದರು ಅವರ ಹೆಂಡತಿ.

ನಡುಮನೆಯೇ ಗೊಳ್ಳೆಂದು ನಕ್ಕಿತು. ಒಂದೂವರೆ ಗಂಟೆಯ ರಹಸ್ಯವನ್ನು ನಾನು ಹತ್ತೇ ನಿಮಿಷದಲ್ಲಿ ಬಗೆಹರಿಸಿದ್ದೆ. ಹೆಂಡತಿ ನನ್ನನ್ನು ನೋಡಿದ ನೋಟ ಒಂದೇ ಆವತ್ತು ಮನೆಯಲ್ಲಿ ಯಾರನ್ನಾದರೂ ಹೆದರಿಸಿದ್ದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಗು ಕೇಳಿ ಮಾವನವರು ಟೀವಿಯತ್ತ ತಿರುಗಿದರು. ತಿರುಗಿದವರು ಸಿನಿಮಾ ಮುಗಿಯುವವರೆಗೂ ಈಚೆಗೆ ತಿರುಗಲೇ ಇಲ್ಲ. ಬಂದವರು ಮರ್ಯಾದೆಗೆ ಚಪ್ಪಾಳೆ ತಟ್ಟಿ ಹೊರಟರು.

"ತಪ್ಪಾಯ್ತು ಮಾವ, ನಿಮ್ಮ ಸಿನಿಮಾ ಕೆಡಿಸಿಬಿಟ್ಟೆ" ಎಂದೆ, ತಲೆ ತಗ್ಗಿಸಿ.

"ಪೂರ್ತಿ ಕೆಡಿಸಿದ್ರಿ" ಎಂದರು. "ಮೂರು ಗಂಟೆ ಬಣ್ಣ ಹಚ್ಕೊಂಡು ಕೂತಿದ್ದೀನಿ, ಮುಖ ತೋರಿಸ್ರೀ ಅಂತ ನಿಮ್ಮತ್ತೆ ಆವತ್ತು ಜಗಳ ಆಡಿದ್ಲು. ನಾನೇ ದೀಪ ಆರಿಸ್ದೆ. ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂತ ಇವತ್ತೇ ಗೊತ್ತಾಗಿದ್ದು."

ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಂದ್ಸಲ ಹಾಕಿ ಅಳಿಯಂದ್ರೇ. ಹಾಕ್ಬಿಟ್ಟು ಆಚೆ ಹೋಗಿ, ಮತ್ತೇನಾದ್ರೂ ರಿಪೇರಿ ಮಾಡೀರ!"