ಮಾಮುವಿನ ಮುಖಕ್ಕೆ ಮೂರು ಕ್ಲಿಕ್

ಐವತ್ತು ದಾಟಿದ ಗಂಡಸು ಹೊಸ ವಿದ್ಯೆ ಕಲಿಯಲು ಹೊರಟರೆ ಪೆಟ್ಟು ತಿನ್ನುವವರು ಮನೆಯವರು. ನಾನು ಹಿಡಿದದ್ದು ಎಚ್‌ಡಿಆರ್ ಫೋಟೋಗ್ರಫಿ. ಕ್ಯಾಮೆರಾ ಅಲುಗಾಡಿಸದೆ ಒಂದೇ ನೋಟವನ್ನು ಮೂರು ಸಲ ತೆಗೆಯಬೇಕು: ಒಂದು ಕಪ್ಪಾಗಿ, ಒಂದು ಹದವಾಗಿ, ಒಂದು ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಮೂರನ್ನೂ ಕಂಪ್ಯೂಟರಿನಲ್ಲಿ ಬೆರೆಸಿದರೆ ಬಿಸಿಲು ನೆರಳು ಎರಡೂ ನಿಚ್ಚಳವಾಗಿ ಕಾಣುತ್ತವೆ. ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲು, ನೀರಿನ ಟಾಕಿ, ವಾಚ್‌ಮನ್ನನ ಖಾಲಿ ಕುರ್ಚಿ, ಎಲ್ಲವನ್ನೂ ಮೂರು ಮೂರು ಸಲ ತೆಗೆದೆ. "ಒಂದ ಸಲಕ್ಕ ಛಲೋ ಬರೂದಿಲ್ಲಂತ ಮೂರ ಸಲ ತಗೀತೀರೇನು?" ಎಂದಳು ಹೆಂಡತಿ. ಕಲೆ ಎಲ್ಲರಿಗೂ ತಿಳಿಯುವುದಿಲ್ಲವೆಂದುಕೊಂಡು ಕುರ್ಚಿಯನ್ನು ಇನ್ನೂ ಮೂರು ಸಲ ತೆಗೆದೆ.

ನನ್ನ ಸೋದರಮಾವ ದಸ್ತಗೀರ್ ಮಾಮು ಗದಗಿನ ಕಡೆಯಿಂದ ಬಂದು ಬೈಕುಲ್ಲಾದಲ್ಲಿ ನಲವತ್ತು ವರ್ಷ ಮದುವೆ ಬ್ಯಾಂಡಿನವರ ಹಿತ್ತಾಳೆ ವಾದ್ಯ ರಿಪೇರಿ ಮಾಡಿದವರು. ನೆಗ್ಗಿದ ಟ್ರಂಪೆಟ್ಟನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ತಟ್ಟಿ ನೇರ ಮಾಡುತ್ತಿದ್ದರು. ಈಗ ಮೊಣಕಾಲು ಕೈಕೊಟ್ಟು, ಅಂಗಡಿ ಬಿಡುವುದೆಂದು ತೀರ್ಮಾನವಾಗಿತ್ತು. ಅವರ ಹೆಂಡತಿ, ನಮ್ಮ ಮುಮಾನಿ, ನನಗೆ ಫೋನ್ ಮಾಡಿದರು. "ಅಂಗಡ್ಯಾಗ ಇವರು ಕೆಲಸ ಮಾಡೂ ಛಲೋ ಫೋಟೋ ಒಂದೂ ಇಲ್ಲಪಾ. ಇದ್ದದ್ದರಾಗೂ ಮುಖ ಕರ್‍ರಗ. ನೀ ಏನೋ ಕಲತೀಯಂತಲ್ಲ, ತಗದ ಕೊಡು." ಮಾಮು ಕೂರುತ್ತಿದ್ದುದು ಬಾಗಿಲಿಗೆ ಬೆನ್ನು ಹಾಕಿ. ಬೆನ್ನ ಹಿಂದೆ ಬೀದಿಯ ಬಿಸಿಲು, ಎದುರಿಗೆ ಗವಿಯಂಥ ಕತ್ತಲೆ. ಎಚ್‌ಡಿಆರ್ ಹುಟ್ಟಿದ್ದೇ ಈ ಅಂಗಡಿಗಾಗಿ ಅನ್ನಿಸಿ ಎದೆಯುಬ್ಬಿತು.

ಮೊದಲ ಭಾನುವಾರ ಸ್ಟ್ಯಾಂಡ್ ಹೂಡಿ, "ಅಲಗಾಡಬ್ಯಾಡ್ರಿ ಮಾಮೂ" ಎಂದೆ. ಅವರು ಹೂಂ ಅಂದು ತಟ್ಟುತ್ತಲೇ ಇದ್ದರು. ಮನೆಗೆ ಬಂದು ಬೆರೆಸಿದರೆ ಮಾಮುವಿಗೆ ಮೂರು ಸುತ್ತಿಗೆ, ಮೂರು ಕೈ. ತೋರಿಸಿದಾಗ ಅವರು ಗಂಭೀರವಾಗಿ ಹೇಳಿದರು: "ಇಷ್ಟ ಕೈ ಇದ್ದಿದ್ರ ಮದುವಿ ಸೀಜನ್ನಿನಾಗ ಭಾಳ ಉಪಯೋಗ ಆಗ್ತಿತ್ತಲೇ."

ಎರಡನೇ ಸಲ ಸುಮ್ಮನೆ ಕೂರಿಸಿದೆ. ಕೆಲಸವಿಲ್ಲದ ಮಾಮು ಡಾಕ್ಟರ ಮುಂದೆ ಕೂತವರಂತೆ ಬಿಗಿದುಕೊಂಡರು. ನಾನೂ ಕಂಪ್ಯೂಟರಿನಲ್ಲಿ ಬಣ್ಣವನ್ನು ಸ್ವಲ್ಪ ಜಾಸ್ತಿಯೇ ಏರಿಸಿದೆ. ಮುಮಾನಿ ನೋಡಿ, "ಇವರಿಗೆ ಜ್ವರಾ ಬಂದಾವೇನು?" ಎಂದು ಗಾಬರಿಯಾದರು.

ಮೂರನೇ ಸಲ ಏನನ್ನೂ ಹೇಳದೆ ಕಾಯುತ್ತ ನಿಂತೆ. ಅಂಗಡಿಗೆ ಅದೇ ಕೊನೆಯ ವಾರ. ತಪ್ಪಿದರೆ ಮತ್ತೆ ಸಿಗುವುದಿಲ್ಲ. ಮಾಮು ಕೊನೆಯ ಟ್ರಂಪೆಟ್ ತಟ್ಟಿ ಮುಗಿಸಿದರು. ಆಮೇಲೆ ಅದರ ಕೊಳವೆಯೊಂದನ್ನು ಬಿಚ್ಚಿ, ಬಾಗಿಲ ಕಡೆ ಅರ್ಧ ತಿರುಗಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದು ಒಳಗೆ ನೆಗ್ಗು ಉಳಿದಿದೆಯೇ ಎಂದು ನೋಡಿದರು. ಉಸಿರೂ ಬಿಡಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮನುಷ್ಯ ಹಾಗೆ ಅಲುಗಾಡದೆ ಕೂರುವುದನ್ನು ನಾನು ಅಂದೇ ಮೊದಲ ಸಲ ಗಮನಿಸಿದ್ದು. ಕ್ಲಿಕ್, ಕ್ಲಿಕ್, ಕ್ಲಿಕ್.

ಈ ಸಲ ಬಣ್ಣ ಏರಿಸಲಿಲ್ಲ. ಹೊರಗೆ ಬೀದಿಯ ಕೈಗಾಡಿ, ಒಳಗೆ ಗೋಡೆಯ ಮಸಿ, ನಡುವೆ ಮಾಮುವಿನ ಒಂದೊಂದು ಸುಕ್ಕು, ಎಲ್ಲ ಇತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜಿನ ಫ್ರೇಮ್ ಕಟ್ಟಿಸಿ ಅವರ ಮನೆಗೆ ಒಯ್ದೆ. ಮುಮಾನಿ ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದರು. "ಸಂಜಿಗೆ ದಣದ ಬರೂ ಮುಖಾನ ನೋಡೇನಿ ಇಷ್ಟ ವರ್ಷ. ಕೆಲಸದಾಗ ಇವರು ಹಿಂಗ ಕಾಣ್ತಿದ್ರೇನು?" ಎಂದರು. ಮಾಮು ಕೆಮ್ಮಿದಂತೆ ಮಾಡಿ ಆ ಕಡೆ ತಿರುಗಿದರು. ಅಂಥ ಹೆಮ್ಮೆ ನನಗೆ ಆಫೀಸಿನ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ.

ಆಮೇಲೆ ಮಾಮು ಹತ್ತಿರ ಹೋಗಿ, ಫೋಟೋದೊಳಗೆ ಅಂಗಡಿಯ ಗೋಡೆಗೆ ತೂಗುಬಿಟ್ಟ ದೊಡ್ಡ ಕಹಳೆಯ ಮೇಲೆ ಬೆರಳಿಟ್ಟರು. "ಈ ಡೊಳ್ಳ ಹೊಟ್ಟಿ ಯಾರದಲೇ?" ಹೊಳೆಯುವ ಹಿತ್ತಾಳೆಯಲ್ಲಿ ನಾನು! ಹೊಟ್ಟೆ ಎರಡು ಪಟ್ಟು, ಉಸಿರು ಬಿಗಿಹಿಡಿದು ಉಬ್ಬಿದ ಕೆನ್ನೆ. ಅಳಿಸುವುದು ಎರಡು ನಿಮಿಷದ ಕೆಲಸ, ಅದನ್ನೂ ಕಲಿತಿದ್ದೇನೆ. ಆದರೆ ಅಳಿಸಿಲ್ಲ. ಮನೆಗೆ ಬಂದವರಿಗೆ ನಮ್ಮ ಪ್ರತಿಯನ್ನು ತೋರಿಸುವಾಗ ಮೊದಲು ಮಾಮುವನ್ನು ತೋರಿಸುತ್ತೇನೆ. ಅವರು ಕೇಳದಿದ್ದರೂ, ಆಮೇಲೆ ಕಹಳೆಯನ್ನು.