ಬೆಲ್ಲು ಹೊಡೆಯದ ಮಾವ

ನಮ್ಮ ಸೋದರಮಾವ ಸೈಕಲ್ಲಿನಲ್ಲಿ ಗುದ್ದಿದಷ್ಟು ಜನರನ್ನು ಮೈಸೂರಿನಲ್ಲಿ ಇನ್ನಾರೂ ಗುದ್ದಿರಲಾರರು. ಆದರೆ ಒಬ್ಬರನ್ನಾದರೂ ಅಮರ್ಯಾದೆಯಿಂದ ಗುದ್ದಿದವರಲ್ಲ! ಅವರ ಸೈಕಲ್ಲಿಗೆ ಸಿಕ್ಕಿ ಬಿದ್ದವರೆಲ್ಲ ಬೀಳುವ ಮುಂಚೆ 'ಸ್ವಾಮಿ' ಎಂದೋ 'ತಾಯಿ' ಎಂದೋ ಕರೆಸಿಕೊಂಡೇ ಬಿದ್ದವರು. ಇಷ್ಟು ಗೌರವ ಬೇರೆ ಯಾವ ಊರಿನ ಸೈಕಲ್ ಸವಾರನಿಂದ ಸಿಕ್ಕೀತು, ನೀವೇ ಹೇಳಿ.

ವಿಷಯ ಇಷ್ಟೇ. ಮಾವ ಬೆಲ್ಲು ಹೊಡೆಯುತ್ತಿರಲಿಲ್ಲ.

ಸೈಕಲ್ಲಿಗೆ ಬೆಲ್ಲು ಇರಲಿಲ್ಲವೆಂದಲ್ಲ. ಇತ್ತು, ಹಿತ್ತಾಳೆಯದು, ಮದುವೆಮನೆಯ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಪ್ರತಿ ಭಾನುವಾರ ವಠಾರದ ಬಾವಿಯ ಹತ್ತಿರ ಸೈಕಲ್ಲು ನಿಲ್ಲಿಸಿಕೊಂಡು, ಹುಣಿಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದರು. ಮೇಲೆ ಎರಡು ಚೊಂಬು ನೀರು ಸುರಿಯುತ್ತಿದ್ದರು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ಚೆಂಡುಹೂವು, ನಿಂಬೆಹಣ್ಣು ಎಲ್ಲ ಸಲ್ಲುತ್ತಿತ್ತು. ಸಲ್ಲದೆ ಇದ್ದದ್ದು ಅವರ ಹೆಬ್ಬೆರಳು ಮಾತ್ರ.

"ಹಿಂದಗಡೆಯಿಂದ ಬಂದು ಟ್ರಿಣ್ ಅನ್ನೋದು ಯಾವ ಮರ್ವಾದೆ ಕಣೋ?" ಎಂದು ನನ್ನನ್ನೇ ಕೇಳುತ್ತಿದ್ದರು. "ಏಯ್, ಜರುಗು ಅಂದಂಗಲ್ವಾ? ನಂಗೇನು ದ್ಯಾವ್ರು ಬಾಯಿ ಕೊಟ್ಟಿಲ್ವಾ?"

ರಾಜ್ಯದ ಹೆಸರೂ ಮೈಸೂರೇ ಆಗಿದ್ದ ಕಾಲ ಅದು. ರಸ್ತೆಗಳಲ್ಲಿ ಕಾರಿಗಿಂತ ಟಾಂಗಾ ಹೆಚ್ಚು, ಟಾಂಗಾಕ್ಕಿಂತ ಸೈಕಲ್ಲು ಹೆಚ್ಚು, ಇವೆಲ್ಲಕ್ಕಿಂತ ರಸ್ತೆಯ ನಡುವೆ ನಿಂತು ಕ್ಷೇಮಸಮಾಚಾರ ಮಾತಾಡುವವರು ಹೆಚ್ಚು. ಮಾವ ಕಡಕೊಳದ ಕಡೆಯ ಬೇಸಾಯದ ಮನೆಯವರು. ಪಟ್ಟಣಕ್ಕೆ ಬಂದು ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ನಂಜುಮಳಿಗೆಯ ವಠಾರವೊಂದರಲ್ಲಿ ಅವರೂ ಅತ್ತೆಯೂ ಇದ್ದರು. ಅದೇ ವಠಾರದ ಮೂಲೆಯ ಕೋಣೆಯಲ್ಲಿ ನಾನಿದ್ದೆ. ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ನನ್ನದು. ಇಬ್ಬರ ದಾರಿಯೂ ಒಂದೇ ಆದದ್ದರಿಂದ ಮಾವನ ಸೈಕಲ್ಲಿನ ಕ್ಯಾರಿಯರ್ ನನಗೆ ಮೀಸಲಾಗಿತ್ತು. ಹೀಗಾಗಿ ಮುಂದೆ ಹೇಳುವುದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ, ಮೊಣಕಾಲಾರೆ ಅನುಭವಿಸಿದ್ದೇನೆ.

ಬೆಲ್ಲಿನ ಬದಲು ಮಾವ ಬಾಯಲ್ಲಿ ಕರೆಯುತ್ತಿದ್ದರು. ಕರೆಯುವುದೆಂದರೆ ಸುಮ್ಮನೆಯೇ? ಮುಂದೆ ಹೋಗುತ್ತಿರುವವರ ಬೆನ್ನು ನೋಡಿ ವಯಸ್ಸು ತಿಳಿಯಬೇಕು, ಅಂತಸ್ತು ತಿಳಿಯಬೇಕು. ಕೋಟು ಕಂಡರೆ 'ಸ್ವಾಮಿ'. ಪೇಟ ಕಂಡರೆ 'ಬುದ್ಧೀ'. ಬಿಳಿ ನಿಲುವಂಗಿ ಕಂಡರೆ 'ಪಾದ್ರಿಗಳೇ'. ಎಮ್ಮೆ ಕಂಡರೂ 'ಅವ್ವಾ' ಎನ್ನದೆ ಮುಂದೆ ಹೋದವರಲ್ಲ. ಆಮೇಲೆ ವಿಜ್ಞಾಪನೆ: "ಸ್ವಾಮೀ, ತಾವು ಬ್ಯಾಸರ ಮಾಡ್ಕೊಳ್ದೆ ಕೊಂಚ ಎಡಕ್ಕೆ ಜರುಗಿದ್ರೆ ನಾನು..." ಇಷ್ಟು ಹೇಳುವಷ್ಟರಲ್ಲಿ ಮುಂದಿನ ಚಕ್ರ ಆ ಸ್ವಾಮಿಗಳ ಪಂಚೆಯೊಳಗೆ ಇರುತ್ತಿತ್ತು. ಉಳಿದ ಅರ್ಧ ವಾಕ್ಯವನ್ನು ಮಾವ ನೆಲದ ಮೇಲೆ ಕುಳಿತು ಪೂರ್ತಿ ಮಾಡುತ್ತಿದ್ದರು.

ಬೆನ್ನು ನೋಡಿ ಮನುಷ್ಯರನ್ನು ಗುರುತಿಸುವುದು ಸುಲಭವೂ ಅಲ್ಲ. ಚಳಿಗಾಲದ ಒಂದು ಬೆಳಿಗ್ಗೆ ತಲೆತುಂಬ ಶಾಲು ಹೊದ್ದ ಆಕೃತಿಯೊಂದು ಹಾಲಿನ ಚೊಂಬು ಹಿಡಿದು ಮೆಲ್ಲಗೆ ಹೋಗುತ್ತಿತ್ತು. ಮಾವನಿಗೆ ಕರುಳು ಚುರುಕ್ ಎಂದಿತು. "ಅಜ್ಜೀ, ಈ ವಯಸ್ನಲ್ಲಿ ಯಾಕವ್ವಾ ಚಳೀಲಿ ಈಚೆ ಬಂದ್ಬುಟ್ಟೆ? ಸ್ವಲ್ಪ ಓರೆಗೆ ಬಾ ತಾಯಿ" ಎಂದರು. ಅಜ್ಜಿ ತಿರುಗಿತು. ಅಜ್ಜಿಗೆ ಗಿರಿಜಾಮೀಸೆ ಇತ್ತು! ನಮ್ಮ ಬೀದಿಯ ಗರಡಿಯ ಪೈಲ್ವಾನರು.

ನಾವಿಬ್ಬರೂ ಅವರ ಕಾಲ ಬಳಿಯೇ ಬಿದ್ದೆವು. ಪೈಲ್ವಾನರು ಒಂದು ಕೈಯಲ್ಲಿ ಸೈಕಲ್ಲನ್ನೂ ಇನ್ನೊಂದು ಕೈಯಲ್ಲಿ ಮಾವನನ್ನೂ ಎತ್ತಿ ನಿಲ್ಲಿಸಿ, "ಯಾರ್ನಯ್ಯಾ ಅಜ್ಜಿ ಅಂದಿದ್ದು?" ಎಂದರು.

"ತಮ್ಮನ್ನೇ ಸ್ವಾಮಿ" ಎಂದರು ಮಾವ. ಸುಳ್ಳು ಹೇಳುವವರಲ್ಲ. "ಹಿಂದಗಡೆಯಿಂದ ಮೀಸೆ ಕಾಣಲಿಲ್ಲ, ತಪ್ಪಾಯ್ತು."

ಪೈಲ್ವಾನರಿಗೆ ನಗು ಬಂದದ್ದರಿಂದ ನಾನಿವತ್ತು ಈ ಪ್ರಬಂಧ ಬರೆಯುತ್ತಿದ್ದೇನೆ.

ಇನ್ನು ನಮಸ್ಕಾರದ ಕಥೆ. ಎದುರಿಗೆ ಹಿರಿಯರು ಸಿಕ್ಕರೆ ಸೈಕಲ್ಲಿನ ಮೇಲಿರುವವರು ಏನು ಮಾಡುತ್ತಾರೆ? ತಲೆಯಾಡಿಸುತ್ತಾರೆ, ಇಲ್ಲವೇ ಒಂದು ಕೈ ಎತ್ತುತ್ತಾರೆ. ಮಾವ ಎರಡೂ ಕೈ ಎತ್ತಿ ಜೋಡಿಸುತ್ತಿದ್ದರು! ಅಷ್ಟು ಹೊತ್ತು ಸೈಕಲ್ಲು ಎಲ್ಲಿಗೆ ಹೋಗಬೇಕೆಂಬುದು ಸೈಕಲ್ಲಿಗೆ ಬಿಟ್ಟದ್ದು. ಅಗ್ರಹಾರದ ಸರ್ಕಲ್ಲಿನಲ್ಲಿ ಒಮ್ಮೆ ಪೊಲೀಸಿನವನು ನಮ್ಮನ್ನು ತಡೆದ. ಹಿಂದೆ ಕೂತಿದ್ದ ನಾನು ಡಬಲ್ ರೈಡಿಂಗಿನ ತಪ್ಪಿಗೆ ನಡುಗುತ್ತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಏನ್ರೀ ಯಜಮಾನ್ರೇ, ಹ್ಯಾಂಡ್ಲು ಬುಟ್ಟು ಎಲ್ಡೂ ಕೈ ಎತ್ತಿದ್ರಲ್ಲ, ಇದೇನ್ ಸರ್ಕಸ್ಸಾ?"

"ನಮ್ ಹೆಡ್ ಗುಮಾಸ್ತರು ಎದ್ರಿಗೆ ಬಂದ್ರು ಸ್ವಾಮಿ."

"ಬಂದ್ರೆ?"

"ಒಂದ್ ಕೈಯಲ್ಲಿ ನಮಸ್ಕಾರ ಮಾಡಕ್ಕಾಯ್ತದಾ, ತಾವೇ ಹೇಳಿ."

ಪೊಲೀಸಿನವನೂ ಮೈಸೂರಿನವನೇ. ಸ್ವಲ್ಪ ಹೊತ್ತು ಯೋಚಿಸಿದ. "ಆಗಲ್ಲ, ಅದು ದಿಟ" ಎಂದು ಬಿಟ್ಟುಬಿಟ್ಟ. ಮಾವನಿಗೆ ಅವನ ಮೇಲೆ ಎಷ್ಟು ಗೌರವ ಹುಟ್ಟಿತೆಂದರೆ, ಸೈಕಲ್ಲು ಹತ್ತಿ ಎರಡು ಸುತ್ತು ತುಳಿದು, ತಿರುಗಿ ಎರಡೂ ಕೈ ಜೋಡಿಸಿದರು. ಸರ್ಕಲ್ಲಿನ ನಡುವೆ ಅವನು ನಿಲ್ಲುವ ಕಟ್ಟೆಗೇ ಹೋಗಿ ಗುದ್ದಿದೆವು.

ಇದೆಲ್ಲ ಊರಿಗೆ ನಗು. ಅತ್ತೆಗೆ ಮಾತ್ರ ಪ್ರಾಣಸಂಕಟ. ಮಕ್ಕಳಿಲ್ಲದ ಮನೆ, ಗಂಡನೇ ಅವರಿಗೆ ಎಲ್ಲ. ಆ ಗಂಡ ದಿನಾ ಬೆಳಿಗ್ಗೆ ಬೆಲ್ಲು ಹೊಡೆಯದ ಸೈಕಲ್ಲು ಹತ್ತಿ ಹೋಗುವುದನ್ನು ನೋಡುತ್ತ ನಿಂತರೆ, ಸಂಜೆ ಮತ್ತೆ ಚೈನಿನ ಕಿರ್ ಕಿರ್ ಕೇಳುವವರೆಗೂ ಅವರ ಜೀವದಲ್ಲಿ ಜೀವವಿಲ್ಲ. ಅತ್ತೆಯ ಕಿವಿ ಬಹಳ ಚುರುಕು. ಸೈಕಲ್ಲು ಆಚೆ ಬೀದಿಯಲ್ಲಿರುವಾಗಲೇ ಅವರು ಅರಿಶಿನದ ಡಬ್ಬಿ ತೆಗೆದಿಟ್ಟುಕೊಂಡು, ಇವತ್ತು ಮೊಣಕೈಯೋ ಮೊಣಕಾಲೋ ಎಂದು ಬಾಗಿಲಲ್ಲಿ ಕಾಯುತ್ತಿದ್ದರು. ಚಾಮುಂಡಮ್ಮನಿಗೆ ಹರಕೆ ಬೇರೆ ಹೊತ್ತಿದ್ದರು: "ತಾಯೀ, ಇವರು ಒಂದ್ ಸಲ ಬೆಲ್ಲು ಹೊಡಿಯಂಗೆ ಮಾಡು, ಬೆಟ್ಟಕ್ಕೆ ಬಂದು ನಿನ್ ಗುಡಿಗೆ ಗಂಟೆ ಕಟ್ತೀನಿ."

ದಾರಿಯ ಎಮ್ಮೆಯನ್ನೂ ಗೌರವದಿಂದ ಕರೆಯುತ್ತಿದ್ದ ಮಾವ ಅತ್ತೆಯನ್ನು ಏನೆಂದು ಕರೆಯುತ್ತಿದ್ದರು ಗೊತ್ತೆ? "ಕೇಳಿಸ್ತಾ?" ಅಷ್ಟೇ. ನೀರು ಬೇಕಾದರೆ "ಕೇಳಿಸ್ತಾ?" ಕೋಟು ಸಿಗದಿದ್ದರೆ "ಕೇಳಿಸ್ತಾ?" ಹೆಂಡತಿಯ ಹೆಸರು ಗಂಡ ಕೂಗುವುದು, ಗಂಡನ ಹೆಸರು ಹೆಂಡತಿ ಹೇಳುವುದು ಅವರ ಕಡೆ ಇರಲಿಲ್ಲ. ನಾವೆಲ್ಲ ಅತ್ತೆ, ಅಕ್ಕ, ದೊಡ್ಡಮ್ಮ ಎಂದು ಕರೆದವರೇ. ವಠಾರಕ್ಕೆ ಹೊಸದಾಗಿ ಬಂದ ಹಾಲಿನವಳು ಅವರ ಹೆಸರೇ ಅದೆಂದು ತಿಳಿದು "ಕೇಳಿಸ್ತಮ್ಮಾ, ಹಾಲು" ಎಂದು ಎಷ್ಟೋ ದಿನ ಕೂಗಿದ್ದಳು. ಅತ್ತೆಯೂ ತಿದ್ದದೆ ಹಾಲು ಹಾಕಿಸಿಕೊಂಡಿದ್ದರು.

ಕೊನೆಗೆ ಒಂದು ದಿನ ಟಾಂಗಾ ಸಿಕ್ಕಿತು. ಟಾಂಗಾದಲ್ಲಿ ಹಿಂದೆ ಕೂತವರ ಮುಖ ಹಿಂದಕ್ಕೇ ಇರುತ್ತದಲ್ಲ! ಹಣ್ಣುಹಣ್ಣು ಮುದುಕರೊಬ್ಬರು ಮಾವನನ್ನೇ ನೋಡಿ ನಕ್ಕರು. ಮಾವ ಎರಡೂ ಕೈ ಜೋಡಿಸಿದರು. ಟಾಂಗಾ ಗಕ್ಕನೆ ನಿಂತಿತು. ಅಂದು ಮಾವನ ಮುಂಗೈ ಮುರಿಯಿತು. ಆಸ್ಪತ್ರೆಯಿಂದ ಕೈಯನ್ನು ಕುತ್ತಿಗೆಗೆ ಜೋತುಹಾಕಿಕೊಂಡು ಬಂದವರನ್ನು ನೋಡಿ ಅತ್ತೆ ಅಳಲಿಲ್ಲ, ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ಕೈ ಆಯ್ತು, ನಾಳೆ ತಲೆ. ಬೆಲ್ಲು ಹೊಡಿತೀನಿ ಅಂತ ನನ್ ತಲೆ ಮ್ಯಾಲೆ ಕೈಯಿಟ್ಟು ಹೇಳಿ. ಇಲ್ದಿದ್ರೆ ಆ ಸೈಕಲ್ನ ಬಾವಿಗೆ ಹಾಕ್ಬುಡ್ತೀನಿ."

ಮಾವ ಪಕ್ಕದಿಂದ ನುಸುಳಿ ಒಳಗೆ ಹೋಗಿ ಕೂತರು. ಅತ್ತೆ ಮುಖ ತಿರುಗಿಸಿ ಅಡುಗೆಮನೆಗೆ ಹೋದರು. ನನಗೂ ರೇಗಿತ್ತು. "ಬೆಲ್ಲು ಹೊಡೆದ್ರೆ ನಿಮ್ಮ ಗಂಟೇನು ಹೋಗುತ್ತೆ ಮಾವ? ಊರೆಲ್ಲ ಹೊಡೀತಿಲ್ವಾ?" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ನಮ್ ಸಾಹೇಬ್ರ ಮೇಜಿನ ಮ್ಯಾಲೆ ಒಂದು ಗಂಟೆ ಐತೆ ಕಣೋ. ಅದು ಟ್ರಿಣ್ ಅಂದ್ರೆ ನಾನು ಎದ್ದು ಓಡ್ಬೇಕು. ಊಟಕ್ಕೆ ಕೂತಿದ್ರೂ ಓಡ್ಬೇಕು. ಕೆಲ್ಸಕ್ಕೆ ಸೇರ್ದಾಗಿಂದ ಅದೇ. ನನ್ ಹೆಸ್ರೇನು ಅಂತ ಒಬ್ ಸಾಹೇಬ್ರೂ ಕೇಳ್ಲಿಲ್ಲ, ಗಂಟೆ ಇದ್ಮ್ಯಾಲೆ ಹೆಸ್ರು ಯಾಕೆ ಬೇಕು? ಇನ್ನೊಬ್ರ ಬೆನ್ನಿಗೆ ನಾನು ಅದನ್ನ ಹೊಡೀಲಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ನನ್ ಹೆಸ್ರೇನು ಅಂತ ಅವರಿಗೆ ಗೊತ್ತಾ, ಕೇಳಪ್ಪಾ."

ಮಾವ ಕುತ್ತಿಗೆಗೆ ಜೋತುಹಾಕಿದ ಕೈಯ ಪಟ್ಟಿಯನ್ನು ಸರಿಮಾಡಿಕೊಳ್ಳತೊಡಗಿದರು.

ಸೈಕಲ್ಲು ಬಾವಿಗೆ ಬೀಳಲಿಲ್ಲ. ಕೈ ಕೂಡಿಕೊಂಡ ಮೇಲೆ ಮಾವ ಮತ್ತೆ ಸೈಕಲ್ಲು ಹತ್ತಿದರು, ನಾನು ಮತ್ತೆ ಕ್ಯಾರಿಯರ್ ಹತ್ತಿದೆ. ಒಂದು ಸಂಜೆ ಕೆಲಸ ಮುಗಿಸಿ ನಂಜನಗೂಡಿನ ರಸ್ತೆಗೆ ಹೊರಳಿದ್ದೆವು. ಸ್ವಲ್ಪ ಮುಂದೆ ರಸ್ತೆಯ ಅಂಚಿನಲ್ಲಿ, ಸೊಪ್ಪಿನ ಚೀಲ ಹಿಡಿದು, ಸೆರಗು ಹೊದ್ದು ಅತ್ತೆ ಹೋಗುತ್ತಿದ್ದರು. ಆಚೆ ಬದಿಯಲ್ಲಿ ಮಲ್ಲಿಗೆ ಮಾರುವವಳನ್ನು ಕಂಡರೆಂದು ತೋರುತ್ತದೆ. ಹಿಂದೆ ಮುಂದೆ ನೋಡದೆ ರಸ್ತೆಗೆ ಇಳಿದರು. ಎದುರಿನಿಂದ ಟಾಂಗಾವೊಂದನ್ನು ಹಿಂದೆ ಹಾಕಿಕೊಂಡು ಬಸ್ಸೊಂದು ನುಗ್ಗಿ ಬರುತ್ತಿತ್ತು.

ಆಗ ನಾನು ನೋಡಿದೆ: ಮಾವನ ಹೆಬ್ಬೆರಳು ಬೆಲ್ಲಿನ ಮೇಲೆ ಬಿತ್ತು! ಬೆಲ್ಲು "ಕಟ್" ಎಂದಿತು. ಅಷ್ಟೇ. ಭಾನುವಾರ ಭಾನುವಾರ ಹುಣಿಸೆಹುಳಿ ಕುಡಿದು, ನೀರು ಕುಡಿದು, ಒಳಗೆಲ್ಲ ತುಕ್ಕು ಹಿಡಿದು ಕೂತಿತ್ತು. ಮಾವ ಬಾಯಿ ತೆರೆದರು. ಸ್ವಾಮಿ ಎನ್ನುವಂತಿಲ್ಲ, ತಾಯಿ ಎನ್ನುವಂತಿಲ್ಲ, ಅಕ್ಕ ಎನ್ನುವಂತಿಲ್ಲ. "ಕೇಳಿಸ್ತಾ?" ಎಂದರೆ ಆ ಬಸ್ಸಿನ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು?

"ಹೊನ್ನೀ!"

ಆ ದನಿ ಮಾವನದೆಂದು ನನಗೆ ತಕ್ಷಣ ಗೊತ್ತಾಗಲಿಲ್ಲ. ಆ ಹೆಸರು ಯಾರದೆಂದೂ ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು. ಎತ್ತಿದ ಹೆಜ್ಜೆ ಎತ್ತಿದಂತೆಯೇ ನಿಂತು ಹಿಂದಕ್ಕೆ ತಿರುಗಿದರು. ಅವರ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ನಾವಿಬ್ಬರೂ ಯಥಾಪ್ರಕಾರ ಬಿದ್ದೆವು.

ಧೂಳು ಇಳಿದಾಗ ಮಾವ ರಸ್ತೆಯಲ್ಲಿ ಕುಳಿತೇ ಇದ್ದರು. ಅತ್ತೆ ಹತ್ತಿರ ಬಂದು ನಿಂತರು. "ನಡುಬೀದೀಲಿ ಹೆಸರು ಹಿಡಿದು ಕೂಗ್ಬುಟ್ರಲ್ಲಾ, ನಾಚಿಕೆ ಆಗಲ್ವಾ ನಿಮ್ಗೆ" ಎಂದರು. ಗದರಿಸುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಾವ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡು ಹಾಗೆಯೇ ಕೂತಿದ್ದರು. ಕಾಲಿನ ಚರ್ಮ ಕಿತ್ತುಹೋಗಿದ್ದ ನಾನು ಮಲ್ಲಿಗೆಯವಳ ಕಡೆ ನೋಡುತ್ತ ನಿಂತೆ.

ಮರುದಿನವೇ ಮಾವ ಬೆಲ್ಲಿಗೆ ಎಣ್ಣೆ ಹಾಕಿಸಿದರು. ಹೊಡೆಯಲೂ ತೊಡಗಿದರು, ಹೊಡೆದ ಮೇಲೆ ಇಳಿದು "ತಪ್ಪು ತಿಳ್ಕೋಬ್ಯಾಡಿ ಸ್ವಾಮಿ" ಎಂದು ಕ್ಷಮೆ ಕೇಳುವುದು ಮಾತ್ರ ಬಿಡಲಿಲ್ಲ. ಅತ್ತೆ ಬೆಟ್ಟ ಹತ್ತಿ ಗಂಟೆ ಕಟ್ಟಿ ಬಂದರು. ಮೊದಲ ಸಲ ಒತ್ತಿದಾಗ ಅದು ಸದ್ದೇ ಮಾಡಲಿಲ್ಲವಲ್ಲ, ಹರಕೆ ಸಂದಿತೇ ಅತ್ತೆ, ಎಂದು ಕೀಟಲೆ ಮಾಡಿದೆ. "ನಿಂಗೇನು ಗೊತ್ತಾಯ್ತದೆ, ಸುಮ್ಕಿರೋ" ಎಂದರು.

ಇದಾದ ಸ್ವಲ್ಪ ದಿನಕ್ಕೆ ನಾನು ಆ ದಾರಿಯಲ್ಲೇ ನಡೆದು ಬರುತ್ತಿದ್ದೆ. ಮುಂದೆ ಅತ್ತೆ, ಅವರ ಹಿಂದೆ ಸೈಕಲ್ಲಿನಲ್ಲಿ ಮಾವ. ಚೈನಿನ ಕಿರ್ ಕಿರ್ ಕೇಳುತ್ತಲೇ, ಯಾವತ್ತೂ ಅಂಚಿನಲ್ಲಿ ನಡೆಯುವ ಅತ್ತೆ ಎರಡು ಹೆಜ್ಜೆ ರಸ್ತೆಯ ಒಳಕ್ಕೇ ಬಂದರು! ಮಾವ ಟ್ರಿಣ್ ಎಂದು ಬೆಲ್ಲು ಹೊಡೆದರು. ಅತ್ತೆ ತಿರುಗದೆಯೇ ಹೇಳಿದರು: "ನಾನೇನು ನಿಮ್ ಆಫೀಸಿನ ಜವಾನನಾ?"

"ಕೇಳಿಸ್ತಾ?" ಎಂದರು ಮಾವ. ಅದು ಅತ್ತೆಗೆ ಕೇಳಿಸಲಿಲ್ಲ.

ಮಾವ ಸೈಕಲ್ಲಿನಿಂದ ಇಳಿದರು. ಆ ಕಡೆ ಈ ಕಡೆ ನೋಡಿದರು. ನಾನು ಮರದ ಮರೆಗೆ ಸರಿದೆ. ಆಮೇಲೆ ಮಾವ ಬಹಳ ಮೆಲ್ಲಗೆ ಏನೋ ಅಂದರು, ನನಗಂತೂ ತುಟಿ ಆಡಿದ್ದಷ್ಟೇ ಕಂಡಿತು. ಅತ್ತೆಗೆ ಅದು ಹೇಗೆ ಕೇಳಿಸಿತೋ, ತಟ್ಟನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.