ಬೆಂಡೆಕಾಯಿ ಸಾರಿನಲ್ಲಿ ಬೆಂದ ಡೋಲು

"ಇವತ್ತು ನೀನು ಒಲೆ ಹತ್ರ ಸುಳೀಬಾರದು! ಮಾವನಿಗೆ ನಾನೇ ಅಡುಗೆ ಮಾಡಿ ಬಡಿಸ್ತೀನಿ. ಉಂಡೋರು ಬೆರಳು ಚೀಪಬೇಕು, ಹಾಗಿರುತ್ತೆ!" ಎಂದು ಅಂಪೊನ್ಸಾ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

"ಬೆರಳು ಸುಟ್ಟುಕೊಳ್ಳದಿದ್ರೆ ಸಾಕು," ಎಂದು ಎಸಿನಾಮ್ ಮೀನಿನ ಬುಟ್ಟಿ ತಲೆಗೇರಿಸಿ ಸಂತೆಗೆ ನಡೆದಳು.

ಈ ಪರಾಕ್ರಮಕ್ಕೆ ಕಾರಣವಿತ್ತು. ಅಂಪೊನ್ಸಾ ಕುಮಾಸಿ ಊರಿನವನು, ಅಶಾಂತಿ ಎಂಬ ಜನಾಂಗದವನು. ಮದುವೆಯಾದ ಮೇಲೆ ಹೆಂಡತಿಯ ಎವೆ ಜನಾಂಗದವರ ಊರಾದ ಅನ್ಲೋಗಾಕ್ಕೆ ಬಂದು ನೆಲೆಸಿದ್ದ. ಮಾವ ಡೋಟ್ಸೆ ಅಲ್ಲಿನ ಡೋಲಿನ ಮೇಳಕ್ಕೆ ಯಜಮಾನರು. ಆ ಮೇಳದಲ್ಲಿ ಕಬ್ಬಿಣದ ಜೋಡಿ ಗಂಟೆ ಬಾರಿಸಬೇಕೆಂಬುದು ಅಳಿಯನ ಪರಮ ಆಸೆ. ಎಲ್ಲ ಡೋಲುಗಳೂ ಗಂಟೆಯ ಹಿಂದೆಯೇ ಹೋಗಬೇಕಾದ್ದರಿಂದ ಮಾವ ಅದನ್ನು ಕುಮಾಸಿಯವನ ಕೈಗೆ ಕೊಡಲು ಹೆದರುತ್ತಿದ್ದರು. ಬೆಂಚು ಹೊರುವ ಪದವಿಯಲ್ಲೇ ಅವನನ್ನು ಕೂರಿಸಿದ್ದರು.

ಅಂಪೊನ್ಸಾನಿಗಾದರೋ ಮಾವನೆಂದರೇ ಹೆದರಿಕೆ. ಅವರ ಬಾರಿಸುವ ಕೈಗಿಂತ ಅಣಕದ ಹಾಡು ಕಟ್ಟುವ ಬಾಯಿಯೆಂದರೆ ಇನ್ನೂ ಹೆದರಿಕೆ. ಪೊಲೀಸರಿಗೆ ಹೆದರದವರೂ ಆ ಊರಲ್ಲಿ ಹಾಡಿಗೆ ಹೆದರುತ್ತಾರೆ. ಹಿಂದೊಮ್ಮೆ ಕೋಳಿ ಕದ್ದವನ ಮೇಲೆ ಮಾವ ಹಾಡು ಕಟ್ಟಿದ್ದರು. ಅವನು ನಾಚಿಕೆ ತಾಳದೆ ಗಡಿ ದಾಟಿ ಟೋಗೋ ದೇಶಕ್ಕೆ ಓಡಿಹೋದ. ಹಾಡು ಅವನಿಗಿಂತ ಮುಂಚೆ ಅಲ್ಲಿ ತಲುಪಿತ್ತು!

ಸರಿ, ಅಡುಗೆ ಶುರುವಾಯಿತು. ಬೆಂಡೆಕಾಯಿ ಕೊಚ್ಚಿದ, ತಾಳೆ ಎಣ್ಣೆ ಕಾಯಿಸಿದ. ಇನ್ನು ಸಾರಿಗೆ ವೆಲೆ ಬೇಕು. ವೆಲೆ ಅಂದರೆ ಸುಟ್ಟು, ಕೆರೆದು, ನೆನೆಸಿದ ದನದ ಚರ್ಮ. ಅದಿಲ್ಲದ ಸಾರನ್ನು ಮಾವ ಮೂಸಿಯೂ ನೋಡರು. ಹಿತ್ತಲಿಗೆ ಹೋದರೆ ಬೋಗುಣಿಯಲ್ಲಿ ಚರ್ಮ ಆಗಲೇ ನೆನೆಯುತ್ತಿದೆ!

"ಎಂಥ ಹೆಂಡತಿ! ಬಾಯಲ್ಲಿ ಬೈದರೂ ಬೋಗುಣಿಯಲ್ಲಿ ಪ್ರೀತಿ ಇಟ್ಟು ಹೋಗಿದ್ದಾಳೆ!" ಎಂದು ಹಿಗ್ಗಿ, ಕತ್ತರಿಸಿ, ಪಾತ್ರೆಗೆ ಹಾಕಿದ. ಚರ್ಮ ಬೇಯುತ್ತಲೇ ಇತ್ತು, ಮೆತ್ತಗಾಗುವ ಲಕ್ಷಣವೇ ಇಲ್ಲ. ಇನ್ನಷ್ಟು ಸೌದೆ ತುರುಕಿದ, ಇನ್ನಷ್ಟು ಮೆಣಸಿನಕಾಯಿ ಹಾಕಿದ.

ಮಾವ ಬಂದರು. ನಡುಮನೆಯಲ್ಲಿ ಕೂತು, ಜೋಳದ ಹಿಟ್ಟಿನ ಅಕ್ಪ್ಲೆ ಮುದ್ದೆ ಮುರಿದು ಸಾರಿಗದ್ದಿ ಜಗಿಯತೊಡಗಿದರು. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಎಸಿನಾಮ್ ಖಾಲಿ ಬೋಗುಣಿ ಹಿಡಿದು ಅಡುಗೆಮನೆಗೆ ನುಗ್ಗಿದಳು.

"ರೀ, ಇದರಲ್ಲಿದ್ದ ಚರ್ಮ ಎಲ್ಲಿ?" ಪಿಸುಗುಟ್ಟಿದಳು.

"ಸಾರಲ್ಲಿ. ಯಾಕೆ?"

"ಅಯ್ಯೋ ದೇವರೇ! ಅದು ಜಿಂಕೆ ಚರ್ಮ ಕಣ್ರೀ! ತೀರಿಹೋದ ಅಜ್ಜಿಯನ್ನ ನಾಳೆ ಊರೆಲ್ಲ ಕುಣಿದು ಕಳಿಸಿಕೊಡೋವಾಗ ಬಾರಿಸೋ ಹಿರೀ ಡೋಲಿಗೆ ಬಿಗಿಯೋಕೆ ಅಂತ ಅಪ್ಪ ಬೆಳಿಗ್ಗೆ ಬಂದು ನೆನೆಹಾಕಿ ಹೋಗಿದ್ರು!"

ಅಂಪೊನ್ಸಾ ಹಿತ್ತಲ ಬಾಗಿಲ ಕಡೆ ನೋಡಿದ. ಕುಮಾಸಿಗೆ ಓಡಿಬಿಡಲೇ ಎನಿಸಿತು. ಓಡಿ ಏನು ಪ್ರಯೋಜನ? ಹಾಡು ಮುಂದಿನ ಬಸ್ಸಿಗೇ ಹತ್ತಿ ಬರುತ್ತದಲ್ಲ!

"ಅಳಿಯಾ! ಇನ್ನೆರಡು ತುಂಡು ಹಾಕು!" ನಡುಮನೆಯಿಂದ ಮಾವನ ಕೂಗು ಬಂತು.

ಅಂಪೊನ್ಸಾ ಸೌಟು ಹಿಡಿದು ಓಡಿದ. ಅರ್ಧ ಸಾರು ತಟ್ಟೆಗೆ ಬಿತ್ತು, ಅರ್ಧ ಮಾವನ ಮೊಣಕಾಲಿಗೆ.

"ಇದು ಯಾವ ದನ ಮಾರಾಯ? ಹಲ್ಲಿನ ಮೇಲೇ ಜಗಳಕ್ಕೆ ಬರ್ತಿದೆ!"

"ವ... ವಯಸ್ಸಾದ ದನ, ಮಾವ."

ಹೇಗೋ ನುಂಗಿ ಕೈ ತೊಳೆದು ಮಾವ ಎದ್ದುನಿಂತರು. "ಊಟ ಆಯ್ತು. ಹಿತ್ತಲಲ್ಲಿ ಚರ್ಮ ನೆನೆಹಾಕಿದ್ದೆ, ತಗೊಂಡು ಬಾ. ಬಿಸಿಲಿರೋವಾಗಲೇ ಡೋಲಿಗೆ ಬಿಗಿದುಬಿಡೋಣ."

ಅಂಪೊನ್ಸಾ ಧೊಪ್ಪನೆ ಮಂಡಿಯೂರಿದ. "ಮಾವ... ಚರ್ಮ ನಿಮ್ಮ ಹತ್ರಾನೇ ಇದೆ."

"ನನ್ನ ಹತ್ರ? ಎಲ್ಲಿ?"

ಅಳಿಯ ಬೆರಳಿನಿಂದ ಮಾವನ ಹೊಟ್ಟೆ ತೋರಿಸಿದ.

ಮಾವ ಹೊಟ್ಟೆ ನೋಡಿಕೊಂಡರು. ತಟ್ಟೆ ನೋಡಿದರು. ಅಳಿಯನನ್ನು ನೋಡಿದರು.

"ಹೊಡೀರಿ, ಬಡೀರಿ, ಹಾಡು ಮಾತ್ರ ಕಟ್ಟಬೇಡಿ ಮಾವ! ನಿಮ್ಮ ಕಾಲಿಗೆ ಬೀಳ್ತೀನಿ!"

"ಕಟ್ಟಲ್ಲ, ಏಳು. ಕಟ್ಟಿದ್ರೆ ಬೇಯಿಸಿದೋನ ಜೊತೆ ತಿಂದೋನ ಹೆಸರೂ ಬರುತ್ತಲ್ಲ! ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ. ಪಕ್ಕದೂರಿಂದ ಡೋಲು ಎರವಲು ತರ್ತೀನಿ. ನಾಳೆ ಬೆಂಚು ಹೊರಬೇಡ, ಗಂಟೆ ಹಿಡಿ."

"ಗಂಟೆನಾ? ನಾನಾ?"

"ಹೂಂ. ಮೇಳದಲ್ಲಿ ಕಬ್ಬಿಣದ್ದು ಅಂದ್ರೆ ಅದೊಂದೇ. ನಿನ್ನ ಕೈಲಿ ಬೇಯೋದಿಲ್ಲ."

ಮರುದಿನ ಊರಿಗೆ ಊರೇ ನೆರೆದಿತ್ತು. ಅಂಪೊನ್ಸಾ ಹೊಸ ಬಟ್ಟೆಯುಟ್ಟು ಬೆಂಚಿನ ನಡುವೆ ಕೂತು ಗಂಟೆ ಬಾರಿಸತೊಡಗಿದ. ಒಂದು ಏಟೂ ತಪ್ಪಲಿಲ್ಲ. ಡೋಲುಗಳು ಬಂದು ಕೂಡಿಕೊಂಡವು. ಬದುಕಿದೆಯಾ ಬಡಜೀವವೇ ಎಂದುಕೊಂಡ. ಆಗ ಹೆಂಗಸರ ಸಾಲಿನಿಂದ ಹಾಡುಗಾರ್ತಿ ಸೊಂಟದ ಬಟ್ಟೆ ಬಿಗಿದು ಮುಂದೆ ಬಂದಳು. ಎಸಿನಾಮ್!

"ಕುಮಾಸಿಯಿಂದ ಬಂದ ಅಳಿಯ, ಡೋಲು ಬೇಯಿಸಿದ!
ಉಂಡ ಮಾವ ಇನ್ನೂ ಎರಡು ತುಂಡು ಕೇಳಿದ!"

ಊರು ಬಿದ್ದು ಬಿದ್ದು ನಕ್ಕಿತು. ಮರುಕ್ಷಣವೇ ಎಲ್ಲರೂ ಒಂದೇ ದನಿಯಲ್ಲಿ ಅದನ್ನೇ ಹಾಡತೊಡಗಿದರು. ಗಂಟೆ ಬಿಸಾಡಿ ಓಡಲು ಅಂಪೊನ್ಸಾನಿಗೆ ದಾರಿಯಿರಲಿಲ್ಲ. ಗಂಟೆ ನಿಂತರೆ ಮೇಳವೇ ನಿಂತೀತು! ತನ್ನ ಮಾನ ಹರಾಜಾಗುವ ಹಾಡಿಗೆ ತಾನೇ ತಾಳ ಹಾಕುತ್ತ, ಹೆಂಡತಿ ಕುಣಿಯುತ್ತ ಹತ್ತಿರ ಬಂದಾಗ ಹಲ್ಲು ಕಚ್ಚಿ ಕೇಳಿದ:

"ಹಾಡು ಕಟ್ಟಲ್ಲ ಅಂತ ಮಾತು ಕೊಟ್ಟಿದ್ರಲ್ಲೇ!"

"ಕೊಟ್ಟಿದ್ದು ಅಪ್ಪ ಕಣ್ರೀ," ಎಂದಳು ಎಸಿನಾಮ್, ಭುಜ ಕುಣಿಸುತ್ತಲೇ. "ನನ್ನನ್ನ ಯಾರು ಕೇಳಿದ್ರು?"